ಕಡಲಂಚಿನ ನಿರ್ಮಾಣ ಮತ್ತು ಪರಿಸರ: ಕರ್ನಾಟಕ ಕರಾವಳಿ

ಕರ್ನಾಟಕದ ಕರಾವಳಿ ಉತ್ತರದ ಮಾಜಾಳಿಯಿಂದ ದಕ್ಷಿಣದ ತಲಪಾಡಿವರೆಗೆ ಸುಮಾರು 320 ಕಿಲೋಮೀಟರ್ ಉದ್ದವಿದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಸೇರಿದ ಈ ಕಿರಿದಾದ ಅಂಚಿನಲ್ಲಿ ಒಂದು ಪ್ರಮುಖ ಬಂದರು, ಒಂದು ದೊಡ್ಡ ನೌಕಾನೆಲೆ, ಹಲವು ಮೀನುಗಾರಿಕೆ ಬಂದರುಗಳು, ಹೆದ್ದಾರಿ, ಸೇತುವೆಗಳು, ರೆಸಾರ್ಟುಗಳು ಮತ್ತು ಮೈಲುಗಟ್ಟಲೆ ಕಲ್ಲಿನ ತಡೆಗೋಡೆಗಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಶಾಂಭವಿ, ನೇತ್ರಾವತಿ, ಗುರುಪುರ ನದಿಗಳು ಘಟ್ಟದಿಂದ ಇಳಿದು ಇಲ್ಲಿಯೇ ಕಡಲು ಸೇರುತ್ತವೆ. ಇಲ್ಲಿ ಕಟ್ಟಿದ್ದೆಲ್ಲವೂ ಒಂದೋ ಅಳಿವೆಯ ನೀರನ್ನು ಇಲ್ಲವೇ ದಂಡೆಯ ಮರಳನ್ನು ತಟ್ಟದೆ ಬಿಡುವುದಿಲ್ಲ. ಕಡಲಂಚಿನ ನಿರ್ಮಾಣದಲ್ಲಿ ಪರಿಸರದ ಎಚ್ಚರ ಎಂದರೆ ಮುಖ್ಯವಾಗಿ ಈ ಎರಡರ ಎಚ್ಚರ. ಕಾಮಗಾರಿ ಮುಗಿದ ಮೇಲೆ ನಾಲ್ಕು ಗಿಡ ನೆಟ್ಟು ತೋರಿಸುವುದು ಇದರ ಲೆಕ್ಕಕ್ಕೆ ಬರುವುದಿಲ್ಲ.

ಮರಳಿನ ಓಡಾಟ

ಮರಳು ದಂಡೆ ನಿಂತ ನೆಲದಂತೆ ಕಂಡರೂ ಅದು ಸದಾ ಓಡಾಡುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಎತ್ತರದ ಅಲೆಗಳು ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ತುಸು ದೂರದ ಆಳದಲ್ಲಿ ದಿಬ್ಬವಾಗಿ ಒಟ್ಟುತ್ತವೆ. ಆ ದಿಬ್ಬಕ್ಕೆ ಬಡಿದು ಮುಂದಿನ ಅಲೆಗಳ ಜೋರು ಕಡಿಮೆಯಾಗುತ್ತದೆ. ಅಕ್ಟೋಬರ್ ನಂತರದ ಶಾಂತ ಅಲೆಗಳು ಅದೇ ಮರಳನ್ನು ನಿಧಾನವಾಗಿ ದಡಕ್ಕೆ ಮರಳಿಸುತ್ತವೆ. ಇದಲ್ಲದೆ ಅಲೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಮರಳು ತೀರದುದ್ದಕ್ಕೂ ಸಾಗುತ್ತದೆ. ಅದರ ದಿಕ್ಕು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಮರಳಿನ ಈ ಖಾತೆಗೆ ಹೊಸ ಜಮೆ ಬರುವುದು ನದಿಗಳಿಂದ. ಶರಾವತಿಯ ಲಿಂಗನಮಕ್ಕಿ, ಕಾಳಿಯ ಸೂಪಾ ಮುಂತಾದ ಅಣೆಕಟ್ಟುಗಳ ಹಿಂದೆ ಹೂಳು ನಿಂತಾಗ, ಅಳಿವೆಯ ಮೇಲ್ಭಾಗದಲ್ಲಿ ಮರಳು ತೆಗೆದಾಗ, ಆ ಜಮೆ ಕುಗ್ಗುತ್ತದೆ.

ಕಡಲಿಗೆ ಅಡ್ಡಲಾಗಿ ಏನನ್ನೇ ಚಾಚಿದರೂ ಒಂದು ಬದಿ ಮರಳು ತುಂಬುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ. ತಮಿಳುನಾಡಿನ ಪಕ್ಕದ ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಅಲೆತಡೆ ಕಟ್ಟಿದ ಬಳಿಕ ಉತ್ತರಕ್ಕಿದ್ದ ನಗರದ ಮರಳುದಂಡೆಯೇ ಮಾಯವಾಯಿತು. ದಶಕಗಳ ತರುವಾಯ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನಡಿ ಕೃತಕ ರೀಫ್ ಇಳಿಸಿ, ಅಲ್ಲಿ ಒಂದಿಷ್ಟು ಮರಳು ಮತ್ತೆ ನಿಲ್ಲುವಂತೆ ಮಾಡಬೇಕಾಯಿತು.

ಹಾಗಾಗಿ ಯೋಜನೆಯ ಅಳತೆಗೋಲು ಕಾಮಗಾರಿಯ ಜಾಗವಾಗಿರಬಾರದು. ಒಂದು ಭೂಶಿರದಿಂದ ಮುಂದಿನ ಭೂಶಿರದವರೆಗೆ ಅಥವಾ ಒಂದು ಅಳಿವೆಯಿಂದ ಇನ್ನೊಂದರವರೆಗೆ ಮರಳು ಹಂಚಿಕೊಳ್ಳುವ ಇಡೀ ತುಂಡನ್ನು ಒಟ್ಟಾಗಿ ನೋಡಬೇಕು. ಕನಿಷ್ಠ ಒಂದು ಮಳೆಗಾಲ ಒಳಗೊಂಡಂತೆ ಒಂದು ಪೂರ್ಣ ವರ್ಷ ಅಲೆ, ಹರಿವು, ತಳದ ಆಳ, ಮರಳಿನ ಕಣದ ಗಾತ್ರಗಳನ್ನು ಅಳೆಯದೆ ಕಲ್ಲು ಇಳಿಸುವುದು ಕುರುಡು ಕೆಲಸ. 1916ರಲ್ಲಿ ಶುರುವಾದ ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಬಂದರುಗಳ ಮಾದರಿಗಳನ್ನು ಕಟ್ಟಿ ಪರೀಕ್ಷಿಸುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅಲೆತಡೆಗಳ ಮೇಲೆ ಪ್ರಯೋಗಾಲಯದ ಅಧ್ಯಯನಗಳು ನಡೆದಿವೆ. ಇಷ್ಟೊಂದು ಪರಿಣತಿ ಮನೆಬಾಗಿಲಲ್ಲೇ ಇರುವಾಗ, ಮುಂಗಾರಿನ ನಡುವೆ ತರಾತುರಿಯಲ್ಲಿ ಟಿಪ್ಪರ್‌ಗಟ್ಟಲೆ ಕಲ್ಲು ಸುರಿಯುವ ರೂಢಿ ಇನ್ನೂ ಹೋಗಿಲ್ಲ ಎಂಬುದು ನೋವಿನ ಸಂಗತಿ.

ಉಳ್ಳಾಲ

ರಾಜ್ಯದಲ್ಲಿ ಈ ವಿಷಯದ ಅತಿ ದೀರ್ಘ ಪಾಠ ಮಂಗಳೂರಿನ ದಕ್ಷಿಣಕ್ಕಿರುವ ಉಳ್ಳಾಲದ್ದು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿ, ಹಳೆ ಬಂದರಿಗೆ ಹೋಗಿಬರುವ ದೋಣಿಗಳಿಗೆ ಆಳ ಉಳಿಯಲಿ ಎಂದು 1990ರ ದಶಕದಲ್ಲಿ ಎರಡೂ ಬದಿ ಅಲೆತಡೆ ಕಟ್ಟಲಾಯಿತು. ಆಮೇಲಿನ ವರ್ಷಗಳಲ್ಲಿ ಉತ್ತರದ ಬೆಂಗ್ರೆ ಕಡೆ ಮರಳು ಕೂಡಿತು. ದಕ್ಷಿಣದ ಉಳ್ಳಾಲದಲ್ಲಿ ಕಡಲ್ಕೊರೆತ ಉಲ್ಬಣಿಸಿತು. ಕೋಟೆಪುರ, ಮೊಗವೀರಪಟ್ಣ, ಸುಭಾಷ್‌ನಗರಗಳಲ್ಲಿ ಮನೆಗಳು, ತೆಂಗಿನ ತೋಟಗಳು, ರಸ್ತೆಗಳು ಒಂದೊಂದೇ ಮಳೆಗಾಲಕ್ಕೆ ಕಡಲ ಪಾಲಾದವು.

ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ತೀರ ಸಂರಕ್ಷಣೆಗೆ ಸಾಲ ಮಂಜೂರು ಮಾಡಿದಾಗ ಉಳ್ಳಾಲ ಅದರ ಮೊದಲ ತಾಣಗಳಲ್ಲಿ ಒಂದಾಯಿತು. ಆ ಯೋಜನೆಯ ಆಲೋಚನೆ ಹಳೆಯ ಗೋಡೆಗಳಿಗಿಂತ ಭಿನ್ನವಾಗಿತ್ತು. ಅಲೆಯನ್ನು ದಡದಲ್ಲಿ ಎದುರಿಸುವ ಬದಲು ದೂರದಲ್ಲಿಯೇ ಮುರಿಯಲು ನೀರಿನಡಿ ರೀಫ್, ದಡದ ಸಮೀಪ ತಗ್ಗಿನ ಕಲ್ಲುದಿಣ್ಣೆಗಳು, ಅಳಿವೆಯ ಅಲೆತಡೆಗಳ ದುರಸ್ತಿ, ಜೊತೆಗೆ ಮರಳು ಮರುಪೂರಣ. ಉಡುಪಿ ಜಿಲ್ಲೆಯ ಮರವಂತೆಯಲ್ಲಿ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ ಜಾಗದಲ್ಲಿ, ದಡದಿಂದ ಕಡಲಿಗೆ ಚಾಚಿದ ಗ್ರಾಯಿನ್‌ಗಳನ್ನು ಕಟ್ಟಲಾಯಿತು. ಅವುಗಳಲ್ಲಿ ಕೆಲವು ‘ಟಿ’ ಆಕಾರದವು.

ಉಳ್ಳಾಲದ ಒಂದಷ್ಟು ಭಾಗ ಇದರಿಂದ ನೆಮ್ಮದಿಯ ಉಸಿರು ಬಿಟ್ಟಿತು. ಆದರೆ ಇನ್ನೂ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ ಕಡೆ ಕೊರೆತ ನಿಲ್ಲಲಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಮುಂಗಾರಿಗೂ ಮುಂಚೆಯೇ ಬಂದು ಈ ಊರುಗಳನ್ನೂ ಉಡುಪಿ ಜಿಲ್ಲೆಯ ಹಲವು ತೀರಗಳನ್ನೂ ಹೊಡೆದು ಹೋಯಿತು. ಒಂದು ಊರಿಗೆ ಕೊಟ್ಟ ರಕ್ಷಣೆಯ ಬೆಲೆಯನ್ನು ಪಕ್ಕದ ಊರು ತೆರಬಾರದು ಎಂದರೆ ನೇತ್ರಾವತಿ ಅಳಿವೆಯಿಂದ ತಲಪಾಡಿವರೆಗಿನ ತೀರಕ್ಕೆ ಒಂದೇ ನಕ್ಷೆ, ಒಂದೇ ಲೆಕ್ಕ ಬೇಕಿತ್ತು.

ಕಲ್ಲಿನ ಗೋಡೆಯ ಒಳಗು

ಕಲ್ಲಿನ ತಡೆಗೋಡೆ ಎಂದರೆ ಕಲ್ಲಿನ ರಾಶಿಯಲ್ಲ. ಸರಿಯಾಗಿ ಕಟ್ಟಿದ ಗೋಡೆಯಲ್ಲಿ ಮೊದಲು ಮರಳಿನ ಮೇಲೆ ನೀರು ಬಿಡುವ, ಮರಳು ಬಿಡದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸುತ್ತಾರೆ. ಅದರ ಮೇಲೆ ಜಲ್ಲಿ ಮತ್ತು ಸಣ್ಣ ಕಲ್ಲು, ಆಮೇಲೆ ಮಧ್ಯಮ ಕಲ್ಲು, ಕೊನೆಗೆ ಅಲೆಗೆ ಎದೆಗೊಡುವ ದೊಡ್ಡ ಬಂಡೆಗಳು. ಗೋಡೆಯ ಪಾದವನ್ನು ಮಳೆಗಾಲದಲ್ಲಿ ಮರಳು ಇಳಿಯುವ ಮಟ್ಟಕ್ಕಿಂತ ಕೆಳಗೆ ಹೂಳಬೇಕು. ನಡುವಿನ ಪದರಗಳಿಲ್ಲದೆ ಬಂಡೆಗಳನ್ನಷ್ಟೇ ಒಗೆದರೆ, ಪ್ರತಿ ಅಲೆ ಹಿಂದೆ ಸರಿಯುವಾಗ ಕಲ್ಲುಗಳ ಸಂದಿಯಿಂದ ಮರಳನ್ನು ಹೀರಿಕೊಂಡು ಹೋಗುತ್ತದೆ. ಕಲ್ಲುಗಳು ಒಂದೊಂದಾಗಿ ಕುಸಿದು ಮರಳಿನಲ್ಲಿ ಮುಳುಗುತ್ತವೆ, ಮೇಲಿನ ರಸ್ತೆ ಬಾಯಿಬಿಡುತ್ತದೆ. ಕರಾವಳಿಯ ಜನ ‘ಹಾಕಿದ ಕಲ್ಲನ್ನೆಲ್ಲ ಕಡಲು ನುಂಗಿತು’ ಎನ್ನುವುದರ ಹಿಂದೆ ಬಹಳ ಸಲ ಇರುವುದು ಇದೇ.

ಕಲ್ಲಿನ ತೂಕಕ್ಕೂ ಲೆಕ್ಕವಿದೆ. ಅಮೆರಿಕದ ಎಂಜಿನಿಯರ್ ರಾಬರ್ಟ್ ಹಡ್ಸನ್ 1950ರ ದಶಕದಲ್ಲಿ ಕೊಟ್ಟ, ಇಂದಿಗೂ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಬೇಕಾಗುವ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಅಲೆ ಎರಡು ಪಟ್ಟು ಎತ್ತರವಾದರೆ ಕಲ್ಲು ಎಂಟು ಪಟ್ಟು ಭಾರವಿರಬೇಕು. ಅಷ್ಟು ದೊಡ್ಡ ಕಲ್ಲು ಸಿಗದ ಕಡೆ ಕಾಂಕ್ರೀಟಿನ ನಾಲ್ಕು ಕಾಲಿನ ಟೆಟ್ರಾಪಾಡ್‌ಗಳನ್ನು ಬಳಸುತ್ತಾರೆ. ಇವು 1950ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡವು.

ಗೋಡೆ ಗಟ್ಟಿಯಾಗಿದ್ದರೂ ಅದರ ಪರಿಸರದ ಬೆಲೆ ಬೇರೆಯೇ. ಅಲೆ ಗೋಡೆಗೆ ಬಡಿದು ಹಿಂದಿರುಗುವಾಗ ಎದುರಿನ ಮರಳನ್ನು ಕೆದಕುತ್ತದೆ, ಮುಂದಿನ ದಂಡೆ ಕಿರಿದಾಗುತ್ತದೆ. ಕಡಲಾಮೆಗೆ ಮೊಟ್ಟೆಯಿಡಲು ಜಾಗ ಉಳಿಯುವುದಿಲ್ಲ. ಕೈರಂಪಣಿ ಬಲೆಯನ್ನು ಹತ್ತಾರು ಜನ ಸಾಲಾಗಿ ನಿಂತು ಎಳೆಯಲು, ನಾಡದೋಣಿಯನ್ನು ದಡಕ್ಕೆ ಎತ್ತಲು, ಮೀನು ಒಣಗಿಸಲು ಮರಳೇ ಬೇಕು. ಬಂಡೆಗಳ ಮೇಲೆ ಈ ಮೂರೂ ನಡೆಯುವುದಿಲ್ಲ. ಆ ಬಂಡೆಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಯೂ ಇದೆ. ಕಡಲಿಗೆ ಬಿದ್ದ ಪ್ರತಿ ಟನ್ ಕಲ್ಲಿನ ಹಿಂದೆ ಒಳನಾಡಿನ ಒಂದು ಗುಡ್ಡದ ಗಾಯವಿದೆ, ಕಲ್ಲುಕೋರೆಯ ದೂಳಿದೆ. ಪರಿಸರ ವರದಿಗಳು ಕೋರೆಯನ್ನೂ ಸಾಗಣೆಯ ದಾರಿಯನ್ನೂ ಯೋಜನೆಯ ಭಾಗವೆಂದೇ ಎಣಿಸಬೇಕು.

ಆದ್ದರಿಂದ ಗೋಡೆ ಕೊನೆಯ ಆಯ್ಕೆಯಾಗಬೇಕು. ಮೊದಲ ಆಯ್ಕೆ ಕಡಲಿನಿಂದ ಹಿಂದೆ ಸರಿದು ಕಟ್ಟುವುದು, ಮರಳು ದಿಬ್ಬಗಳನ್ನೂ ಅವುಗಳ ಮೇಲೆ ಹಬ್ಬುವ ಬಳ್ಳಿಗಳನ್ನೂ ಮುಟ್ಟದಿರುವುದು. ಎರಡನೆಯದು ಮರಳನ್ನೇ ತಂದು ತುಂಬುವುದು. ನೆದರ್ಲೆಂಡ್ಸ್ 2011ರಲ್ಲಿ ಹೇಗ್ ಬಳಿಯ ತೀರದಲ್ಲಿ ಸುಮಾರು 2.15 ಕೋಟಿ ಘನಮೀಟರ್ ಮರಳನ್ನು ಒಂದೇ ಕಡೆ ಸುರಿದು, ಅದನ್ನು ತೀರದುದ್ದಕ್ಕೂ ಹಂಚುವ ಕೆಲಸವನ್ನು ಅಲೆ ಮತ್ತು ಗಾಳಿಗೇ ಬಿಟ್ಟಿತು. ನಮ್ಮ ಮುಂಗಾರಿನ ಅಬ್ಬರದ ಮುಂದೆ ಅದನ್ನು ಹಾಗೆಯೇ ನಕಲು ಮಾಡುವಂತಿಲ್ಲ. ಆದರೆ ಬಂದರಿನ ಬಾಯಿಯಲ್ಲಿ ಎತ್ತಿದ ಶುದ್ಧ ಮರಳನ್ನು ದೂರದ ಕಡಲಿಗೆ ಚೆಲ್ಲದೆ ಕೊರೆತದ ತೀರಕ್ಕೆ ಕೊಡುವಷ್ಟು ನಮ್ಮಿಂದಲೂ ಸಾಧ್ಯ.

ಕೆಲಸದ ಕಾಲ

ಕಡಲಂಚಿನಲ್ಲಿ ಯಾವಾಗ ಕಟ್ಟಬೇಕು ಎಂಬುದು ಹೇಗೆ ಕಟ್ಟಬೇಕು ಎಂಬುದರಷ್ಟೇ ಮುಖ್ಯ. ಗುತ್ತಿಗೆದಾರರಿಗೆ ಅನುಕೂಲವಾದ ಶಾಂತ ಕಾಲ ಅಕ್ಟೋಬರ್‌ನಿಂದ ಮೇವರೆಗೆ. ಆಲಿವ್ ರಿಡ್ಲೆ ಆಮೆಗಳು ಹೊನ್ನಾವರದ ಕಾಸರಕೋಡ ಟೊಂಕ, ಕಾರವಾರದ ದೇವಬಾಗ, ಕುಂದಾಪುರದ ಕೋಡಿ ಮುಂತಾದ ದಂಡೆಗಳಿಗೆ ರಾತ್ರಿ ಹತ್ತಿ ಬಂದು ಮೊಟ್ಟೆಯಿಡುವುದೂ ಅದೇ ಅವಧಿಯ ಚಳಿಗಾಲದ ತಿಂಗಳುಗಳಲ್ಲಿ. ದಡದ ಮೀನುಗಾರಿಕೆ ಚುರುಕಾಗಿರುವುದೂ ಆಗಲೇ. ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ಅವಧಿಯಲ್ಲಿ ಮುಂಗಾರಿನ ಅಲೆಗಳಿಂದಾಗಿ ಕಡಲಿನಲ್ಲಿ ಯಂತ್ರ ಇಳಿಸಲು ಆಗುವುದಿಲ್ಲ. ಹೀಗೆ ಮೂವರಿಗೂ ಬೇಕಾದ ಕಾಲ ಒಂದೇ ಆಗಿರುವಾಗ ಹಂಚಿಕೊಂಡು ಬಾಳುವುದೊಂದೇ ದಾರಿ. ಮೊಟ್ಟೆಯ ತಿಂಗಳುಗಳಲ್ಲಿ ದಂಡೆಯ ಮೇಲೆ ಭಾರಿ ವಾಹನ ಓಡಿಸದಿರುವುದು, ಸೂರ್ಯ ಮುಳುಗಿದ ಮೇಲೆ ಕೆಲಸ ನಿಲ್ಲಿಸುವುದು, ಕಡಲಿನತ್ತ ಬೆಳಕು ಬೀಳದಂತೆ ದೀಪಗಳಿಗೆ ಮುಸುಕು ಹಾಕುವುದು ಕನಿಷ್ಠ ಕ್ರಮಗಳು. ಮರಿಗಳು ಮರಳಿನಿಂದ ಹೊರಬಂದಾಗ ಬೆಳಕಾಗಿರುವ ಕಡೆಗೆ ನಡೆಯುತ್ತವೆ. ಸಹಜವಾಗಿ ಅದು ಕಡಲಿನ ದಿಕ್ಕು. ರೆಸಾರ್ಟಿನ ದೀಪ ಉರಿಯುತ್ತಿದ್ದರೆ ರಸ್ತೆಯ ದಿಕ್ಕು.

ಕಾಸರಕೋಡ ಟೊಂಕದ ವಿವಾದ ಇದನ್ನೆಲ್ಲ ಒಟ್ಟಿಗೆ ಮುಂದೆ ತಂದಿತು. ಶರಾವತಿ ಅಳಿವೆಯ ಬಳಿ ಖಾಸಗಿ ಬಂದರಿಗಾಗಿ ರಸ್ತೆ ಮಾಡಲು ಹೊರಟಾಗ, 2022ರ ಜನವರಿಯಲ್ಲಿ ಮೀನುಗಾರ ಕುಟುಂಬಗಳು ಬೀದಿಗಿಳಿದವು. ಒಣಮೀನಿನ ಕೆಲಸದಿಂದ ಬದುಕುವ ಹೆಂಗಸರು ಅದರಲ್ಲಿ ಮುಂದೆ ಇದ್ದರು. ಆಮೆ ಬರುವ ದಂಡೆ ಮತ್ತು ಮೀನು ಒಣಗಿಸುವ ದಂಡೆ ಒಂದೇ ಎಂಬುದನ್ನು ಅವರು ತಮ್ಮ ವಾದದ ಕೇಂದ್ರದಲ್ಲಿಟ್ಟರು. ವಿಪರ್ಯಾಸವೆಂದರೆ, ಅದೇ ಕಾಸರಕೋಡಿನ ಇನ್ನೊಂದು ಭಾಗಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರ ಅಕ್ಟೋಬರ್‌ನಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿತ್ತು.

ಅಳಿವೆ, ಕಾಂಡ್ಲಾ, ಗಜನಿ

ಕಡಲ ನೀರಿನೊಂದಿಗೆ ಹೊಂದಿಕೊಂಡು ಕಟ್ಟುವ ವಿದ್ಯೆ ಈ ತೀರಕ್ಕೆ ಹೊಸದಲ್ಲ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೋಡಬೇಕು. ರೈತರು ಮಣ್ಣಿನ ಕಟ್ಟೆ ಹಾಕಿ, ನಡುನಡುವೆ ಜಂತ್ರಡಿ ಎಂಬ ಮರದ ಬಾಗಿಲು ಕೂರಿಸುತ್ತಿದ್ದರು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬೆಳೆಯುತ್ತಿತ್ತು. ಉಪ್ಪನ್ನೂ ನೆರೆಯನ್ನೂ ತಾಳುವ ಈ ತಳಿಗೆ ಗೊಬ್ಬರವೂ ಬೇಡ. ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಉಬ್ಬರದ ನೀರಿನೊಂದಿಗೆ ಮೀನು, ಸಿಗಡಿ ಒಳಬರುತ್ತಿದ್ದವು. ಕಟ್ಟೆಯ ಹೊರಮೈಯಲ್ಲಿ ಬೆಳೆದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಮಣ್ಣನ್ನು ಹಿಡಿದಿಡುತ್ತಿತ್ತು. ಪ್ರತಿ ವರ್ಷ ಊರವರೆಲ್ಲ ಸೇರಿ ಕಟ್ಟೆ ರಿಪೇರಿ ಮಾಡುತ್ತಿದ್ದರು. ಮುಂದೆ ಶಾಶ್ವತ ಕಲ್ಲಿನ ಕಟ್ಟೆಗಳು ಬಂದವು. ಕಟ್ಟೆ ಬಲವಾಯಿತು, ಆದರೆ ಕಾಂಡ್ಲಾದ ಕೆಲಸ ಮುಗಿಯಿತು. ಊರವರ ವರ್ಷದ ಒಡನಾಟ ಸಡಿಲವಾಯಿತು. ಎಷ್ಟೋ ಗಜನಿಗಳು ಭತ್ತ ಬಿಟ್ಟು ಸಿಗಡಿಯತ್ತ ಹೊರಳಿದವು. ಬಾಳಿಕೆಯನ್ನು ಕಲ್ಲಿನಲ್ಲಿ ಮಾತ್ರ ಅಳೆದದ್ದು ಇಲ್ಲಿ ಆದ ತಪ್ಪು ಎಂದೇ ಹೇಳಬೇಕು.

ಇದೇ ಅಳಿವೆಯ ಚಿಪ್ಪುಮೀನು ಸಾವಿರಾರು ಕುಟುಂಬಗಳ ಅನ್ನ. ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ, ಆಮೇಲೆ ಬಂದರಿನ ಪ್ರಸ್ತಾಪಗಳು ಬಂದಾಗ ಸ್ಥಳೀಯರೂ ವಿಜ್ಞಾನಿಗಳೂ ಇದನ್ನೇ ಮುಂದಿಟ್ಟು ವಿರೋಧಿಸಿದರು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಅಳಿವೆಗೆ ಅಪಾಯ ಕಡಲ ಕಡೆಯಿಂದಷ್ಟೇ ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಹಲವರು ಪ್ರಾಣ ಕಳೆದುಕೊಂಡರು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆ ಗ್ರಾಮದ ಮನೆಗಳಿಗೆ ಅಪ್ಪಳಿಸಿತು. ನದಿಯ ನಡುವೆ ಮಣ್ಣಿನ ಗುಡ್ಡೆಯೇ ನಿಂತಿತು. ಮೂರೇ ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಅವಶೇಷಗಳನ್ನು ಅಳಿವೆಯಿಂದ ಎತ್ತುವುದು ಒಂದು ಪ್ರತ್ಯೇಕ ಕಾಮಗಾರಿಯೇ ಆಯಿತು. ಹೆದ್ದಾರಿಯ ಇಳಿಜಾರು ಕತ್ತರಿಸುವ ಕೋನ, ಮಳೆನೀರಿನ ಚರಂಡಿ, ಹಳೆ ಸೇತುವೆಯನ್ನು ಕಾಲಕ್ಕೆ ಸರಿಯಾಗಿ ತೆರವು ಮಾಡುವ ಯೋಜನೆ, ಇವೆಲ್ಲವೂ ಕರಾವಳಿ ಪರಿಸರದ ವಿಷಯಗಳೇ.

ಹೂಳೆತ್ತುವುದು, ಕಂಬ ಬಡಿಯುವುದು

1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರು ನೆಲದ ಒಳಕ್ಕೆ ಅಗೆದು ಮಾಡಿದ ಕೃತಕ ಬಂದರು. ಅದರ ಹಡಗುದಾರಿಯಲ್ಲಿ ಮುಂಗಾರಿನಲ್ಲಿ ತುಂಬುವ ಹೂಳನ್ನು ಮತ್ತೆ ಮತ್ತೆ ತೆಗೆಯಲೇಬೇಕು. ಡ್ರೆಜ್ಜಿಂಗ್ ಮಾಡುವಾಗ ಕದಡಿದ ಕೆಸರು ಬೆಳಕನ್ನು ತಡೆಯುತ್ತದೆ, ಚಿಪ್ಪುಜೀವಿಗಳ ಕಿವಿರನ್ನು ಕಟ್ಟುತ್ತದೆ. ಒಳನೀರಿನಲ್ಲಿ ಕೆಸರು ಹರಡದಂತೆ ಪರದೆ ಕಟ್ಟುವುದು, ಎತ್ತಿದ್ದನ್ನು ಎಲ್ಲಿ ಸುರಿದರೆ ಮರಳಿ ಬರುವುದಿಲ್ಲ ಎಂದು ಹರಿವು ನೋಡಿ ನಿರ್ಧರಿಸುವುದು, ತೈಲ ಮತ್ತು ಭಾರಲೋಹಗಳಿಗಾಗಿ ಹೂಳನ್ನು ಮೊದಲೇ ಪರೀಕ್ಷಿಸುವುದು ಇಲ್ಲಿನ ಮುಖ್ಯ ಕ್ರಮಗಳು.

ಸದ್ದಿನ ಬಗ್ಗೆ ನಮ್ಮಲ್ಲಿ ಇನ್ನೂ ಗಮನ ಸಾಲದು. ಉಕ್ಕಿನ ಕಂಬಗಳನ್ನು ತಳಕ್ಕೆ ಬಡಿಯುವ ಸದ್ದು ನೀರಿನಲ್ಲಿ ಬಹುದೂರ ಸಾಗುತ್ತದೆ. ಈ ತೀರದ ಅಳಿವೆಗಳ ಬಾಯಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿವೆ. ಅವು ದಾರಿ ಹಿಡಿಯುವುದೂ ಬೇಟೆಯಾಡುವುದೂ ಸದ್ದಿನಿಂದಲೇ. ಜರ್ಮನಿಯಲ್ಲಿ ಬಡಿತದ ಜಾಗದಿಂದ 750 ಮೀಟರ್ ದೂರದಲ್ಲಿ ಸದ್ದು 160 ಡೆಸಿಬೆಲ್ ಮೀರಬಾರದೆಂಬ ಮಿತಿಯಿದೆ. ಅದಕ್ಕಾಗಿ ಕಂಬದ ಸುತ್ತ ಗಾಳಿಗುಳ್ಳೆಗಳ ಪರದೆ ಎಬ್ಬಿಸುತ್ತಾರೆ. ಮೆಲ್ಲನೆ ಬಡಿತ ಶುರುಮಾಡಿ, ಹತ್ತಿರದ ಪ್ರಾಣಿಗಳಿಗೆ ದೂರ ಹೋಗಲು ಸಮಯ ಕೊಡುವುದು ಖರ್ಚಿಲ್ಲದ ಕ್ರಮ.

ಕಾಂಕ್ರೀಟಿನ ಗುಣಮಟ್ಟವೂ ಪರಿಸರದ ಪ್ರಶ್ನೆಯೇ, ಏಕೆಂದರೆ ಬೇಗ ಹಾಳಾದದ್ದನ್ನು ಎರಡು ಸಲ ಕಟ್ಟಬೇಕಾಗುತ್ತದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟು ಕಡಲ ನೀರಲ್ಲಿ ಪೂರ್ತಿ ಮುಳುಗಿದ್ದರೆ ಕನಿಷ್ಠ ಎಂ30, ಸಿಂಪರಣೆಗೆ ಸಿಕ್ಕರೆ ಎಂ35, ಉಬ್ಬರ-ಇಳಿತದ ನಡುವೆ ನಿಂತರೆ ಎಂ40 ದರ್ಜೆಯದಾಗಿರಬೇಕು. ಒದ್ದೆಯಾಗಿ ಒಣಗುವ ಆ ನಡುವಿನ ಪಟ್ಟಿಯಲ್ಲಿಯೇ ಉಪ್ಪು ಕಬ್ಬಿಣವನ್ನು ಬೇಗ ತಿನ್ನುತ್ತದೆ.

ಕಾನೂನು ಮತ್ತು ಊರಿನ ಮಾತು

ಕಡಲಂಚಿನಿಂದ 500 ಮೀಟರ್‌ವರೆಗೆ ಕಟ್ಟಡಗಳಿಗೆ ಕಡಿವಾಣ ಹಾಕುವಂತೆ ಪ್ರಧಾನಿ ಇಂದಿರಾ ಗಾಂಧಿ 1981ರಲ್ಲಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದ ಪತ್ರದಿಂದ ಶುರುವಾದ ಆಲೋಚನೆ 1991ರ ಫೆಬ್ರುವರಿ 19ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯಾಯಿತು. ಅದು 2011ರಲ್ಲಿ, ಮತ್ತೆ 2019ರ ಜನವರಿ 18ರಂದು ಹೊಸ ರೂಪ ಪಡೆಯಿತು. 2019ರ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಗ್ರಾಮೀಣ ತೀರದಲ್ಲಿ ನಿರ್ಮಾಣ ನಿಷೇಧಿತ ಪಟ್ಟಿಯನ್ನು ಉಬ್ಬರ ರೇಖೆಯಿಂದ 200 ಮೀಟರ್ ಬದಲು 50 ಮೀಟರ್‌ಗೆ ಇಳಿಸಿತು. ಒಂದೇ ಮಳೆಗಾಲದಲ್ಲಿ ದಂಡೆ ಮೀಟರುಗಟ್ಟಲೆ ಹಿಂದೆ ಸರಿಯುವ ತೀರಕ್ಕೆ 50 ಮೀಟರ್ ತೀರಾ ಕಡಿಮೆ. ಕಾಂಡ್ಲಾ ಕಾಡಿಗೆ ಧಕ್ಕೆಯಾದರೆ ಕನಿಷ್ಠ ಮೂರು ಪಟ್ಟು ಜಾಗದಲ್ಲಿ ಬೆಳೆಸಬೇಕೆಂಬ ನಿಯಮವಿದೆ. ಒಂದೇ ಜಾತಿಯ ಸಸಿ ಸಾಲಾಗಿ ನೆಟ್ಟರೆ ಹಳೆಯ ಕಾಡಿನ ಮೀನು ಮರಿಗಳ ನೆಲೆ ಮರಳಿ ಬರುವುದಿಲ್ಲ.

ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಸಾರಾಂಶವಷ್ಟೇ ಕನ್ನಡದಲ್ಲಿ ಸಿಕ್ಕರೆ ಮೀನುಗಾರ ಏನು ತಾನೆ ಪ್ರಶ್ನಿಸಬಲ್ಲ? ಅಲೆ ಮತ್ತು ಹರಿವಿನ ಅಧ್ಯಾಯಗಳಾದರೂ ಪೂರ್ತಿ ಕನ್ನಡದಲ್ಲಿ ಬರಬೇಕು. ಅವುಗಳ ತಪ್ಪು-ಸರಿ ನೋಡಬಲ್ಲವರು ಖಾರ್ವಿ, ಮೊಗವೀರ, ಹರಿಕಂತ್ರ, ಅಂಬಿಗ ಸಮುದಾಯಗಳ ಹಿರಿಯರು. ಯಾವ ತಿಂಗಳಲ್ಲಿ ಅಳಿವೆ ಯಾವ ಕಡೆ ಬಾಯಿ ತಿರುಗಿಸುತ್ತದೆ ಎಂಬುದು ಅವರಿಗೆ ದಿನದ ಕೆಲಸದಿಂದಲೇ ಗೊತ್ತು. ಅವರ ಮಾತು ಆರಂಭದಲ್ಲಿ ಕೇಳಿಸದಿದ್ದಾಗ ಏನಾಗುತ್ತದೆ ಎಂಬುದನ್ನು ಕಾರವಾರ ಕಂಡಿದೆ. ಬಂದರಿನ ಎರಡನೇ ಹಂತದ ವಿಸ್ತರಣೆಗಾಗಿ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಬಳಿ ಅಲೆತಡೆಯ ಕೆಲಸ ಶುರುವಾದಾಗ, 2020ರ ಜನವರಿಯಲ್ಲಿ ಮೀನುಗಾರರ ಪ್ರತಿಭಟನೆಯಿಂದ ಪಟ್ಟಣವೇ ಸ್ತಬ್ಧವಾಯಿತು. ಹೈಕೋರ್ಟ್ ಕಾಮಗಾರಿಗೆ ತಡೆ ಕೊಟ್ಟಿತು. ಅಂಕೋಲಾದ ಕೇಣಿಯಲ್ಲಿ ಪ್ರಸ್ತಾಪವಾಗಿರುವ ಬಂದರಿಗೂ ಅಂಥದೇ ವಿರೋಧ ಎದ್ದಿದೆ.

ಅನುಮತಿ ಸಿಕ್ಕ ಯೋಜನೆಗಳು ಷರತ್ತುಗಳ ಪಾಲನೆಯ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಸಲ್ಲಿಸಬೇಕು. ಈ ಎರಡು ದಿನಾಂಕಗಳು ಮುಂಗಾರಿನ ಹಿಂದು ಮುಂದಿಗೆ ಚೆನ್ನಾಗಿ ಹೊಂದುತ್ತವೆ. ರಚನೆಯ ಎರಡೂ ಬದಿಯ ಕೆಲವು ಕಿಲೋಮೀಟರ್ ತೀರದ ಅಡ್ಡಸೀಳು ಅಳತೆಯನ್ನು ಅದೇ ವರದಿಗೆ ಸೇರಿಸಿ, ಒಂದು ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ, ದಂಡೆ ಎಷ್ಟು ಸರಿದಿದೆ ಎಂಬ ವಾದಕ್ಕೆ ಊರಿನಲ್ಲೇ ಲೆಕ್ಕ ಸಿಗುತ್ತದೆ, ಕಟ್ಟಿದವರಿಂದ ದುರಸ್ತಿ ಕೇಳಲು ಆಧಾರವೂ ಸಿಗುತ್ತದೆ.